ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆಯೇ? ಬೂಸ್ಟರ್ ಪಂಪ್ ತರುವ ಮುಂಚೆ ಮಾಡಬೇಕಾದ ತಪಾಸಣೆ

ಶವರ್‌ನಿಂದ ನೀರು ತೊಟ್ಟಿಕ್ಕುತ್ತದೆ, ಮೇಲಿನ ಮನೆಯಲ್ಲಿ ಬಕೆಟ್ ತುಂಬುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ, ವಾಷಿಂಗ್ ಮಷೀನು ನೀರಿಲ್ಲ ಎಂದು ಎರರ್ ತೋರಿಸಿ ನಿಲ್ಲುತ್ತದೆ, ಗ್ಯಾಸ್ ಗೀಸರ್ ಹತ್ತಿಕೊಳ್ಳುವುದೇ ಇಲ್ಲ. ಇಷ್ಟಕ್ಕೂ ನಾವು ಕೊಡುವ ಹೆಸರು ಒಂದೇ: "ಪ್ರೆಶರ್ ಇಲ್ಲ." ಅಂಗಡಿಯಲ್ಲಿ ಸಿಗುವ ಮದ್ದೂ ಒಂದೇ: ಪೈಪಿನ ನೀರಿನ ಒತ್ತಡ ಏರಿಸುವ ಬೂಸ್ಟರ್ ಪಂಪ್. ಆದರೆ ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಒತ್ತಡ ಇರಬೇಕಾದಷ್ಟು ಇದ್ದೇ ಇರುತ್ತದೆ, ನೀರು ಹರಿಯುವ ದಾರಿ ಮಾತ್ರ ಎಲ್ಲೋ ಕಟ್ಟಿಕೊಂಡಿರುತ್ತದೆ. ಒತ್ತಡ ಕಡಿಮೆ ಇರುವುದು ಒಂದು ದೋಷ, ದಾರಿ ಕಟ್ಟಿಕೊಂಡಿರುವುದು ಇನ್ನೊಂದು. ಯಾವುದೆಂದು ತಿಳಿಯದೆ ಕೈ ಹಾಕಿದರೆ ದುಡ್ಡೂ ಹೋಗುತ್ತದೆ, ಟೈಲ್ಸೂ ಒಡೆಯುತ್ತವೆ.

ಈ ಬರಹ ನಮ್ಮ ಊರುಗಳ ಸಾಮಾನ್ಯ ಮನೆಗಳಿಗೆ ಸಂಬಂಧಿಸಿದ್ದು. ನೆಲದಲ್ಲಿ ಸಂಪು, ಅಲ್ಲಿಂದ ಮೋಟರ್ ಹಾಕಿ ತಾರಸಿಯ ಟ್ಯಾಂಕಿಗೆ ಏರಿಸುವುದು, ಟ್ಯಾಂಕಿನಿಂದ ನೀರು ತನ್ನ ಭಾರಕ್ಕೇ ಇಳಿದು ನಲ್ಲಿಗಳಿಗೆ ಬರುವುದು. ಒಂದರಿಂದ ಮೂರು ಅಂತಸ್ತಿನ ಮನೆಗಳು. ಎತ್ತರದ ಅಪಾರ್ಟ್‌ಮೆಂಟಿನ ಕತೆ ಬೇರೆ, ಕೊನೆಯಲ್ಲಿ ಎರಡು ಮಾತು ಹೇಳುತ್ತೇನೆ.

ಮೊದಲು ಲೆಕ್ಕ: ನಿಮ್ಮ ನಲ್ಲಿಗೆ ಎಷ್ಟು ಒತ್ತಡ ಬರಬೇಕು?

ಪ್ಲಂಬರ್‌ಗಳು ಒತ್ತಡವನ್ನು ಕೆಜಿಯಲ್ಲಿ ಹೇಳುತ್ತಾರೆ. "ಎರಡು ಕೆಜಿ ಪ್ರೆಶರ್ ಇದೆ" ಎಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 2 ಕೆಜಿ ಭಾರ. 10 ಮೀಟರ್ ಎತ್ತರದ ನೀರು ತನ್ನ ಬುಡದಲ್ಲಿ 1 ಕೆಜಿ ಒತ್ತಡ ಕೊಡುತ್ತದೆ. 1 ಮೀಟರ್ ನೀರು 0.1 ಕೆಜಿ. ಈ ಒಂದು ಲೆಕ್ಕ ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಗಮನಿಸಬೇಕಾದ್ದು, ಇಲ್ಲಿ ಬರುವುದು ಎತ್ತರ ಮಾತ್ರ. ಟ್ಯಾಂಕ್ 500 ಲೀಟರಿನದೋ 2000 ಲೀಟರಿನದೋ ಎಂಬುದು ಲೆಕ್ಕಕ್ಕಿಲ್ಲ. "ದೊಡ್ಡ ಟ್ಯಾಂಕ್ ಹಾಕಿಸಿದರೆ ಫೋರ್ಸ್ ಬರುತ್ತೆ" ಎಂದು ಹೇಳುವವರು ಈಗಲೂ ಸಿಗುತ್ತಾರೆ. ಪಾತ್ರೆಯ ಅಗಲ, ಆಕಾರ ಏನೇ ಇರಲಿ, ತಳದ ಒತ್ತಡ ನೀರಿನ ಎತ್ತರದಿಂದಷ್ಟೇ ನಿರ್ಧಾರವಾಗುತ್ತದೆ ಎಂದು ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲೇ ಬರೆದಿಟ್ಟಿದ್ದಾನೆ. ದೊಡ್ಡ ಟ್ಯಾಂಕ್ ನೀರನ್ನು ಹೆಚ್ಚು ಹೊತ್ತು ಕೊಡುತ್ತದೆ, ಹೆಚ್ಚು ರಭಸದಿಂದ ಕೊಡುವುದಿಲ್ಲ.

ಒಂದು ಮನೆಯನ್ನೇ ಹಿಡಿಯೋಣ. ನೆಲಮಹಡಿ, ಅದರ ಮೇಲೊಂದು ಮಹಡಿ. ಪ್ರತಿ ಅಂತಸ್ತು ಸ್ಲ್ಯಾಬ್ ಸೇರಿ ಸುಮಾರು 3.15 ಮೀಟರ್. ತಾರಸಿಯ ಮೇಲೆ 1 ಮೀಟರ್ ಸ್ಟ್ಯಾಂಡ್, ಅದರ ಮೇಲಿನ ಟ್ಯಾಂಕಿನಲ್ಲಿ 80 ಸೆಂಟಿಮೀಟರ್ ನೀರು. ಮೊದಲ ಮಹಡಿಯ ಶವರ್ ನೆಲದಿಂದ 2.1 ಮೀಟರ್ ಮೇಲಿದೆ. ಆ ಶವರ್‌ನಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ ಎತ್ತರ 2.85 ಮೀಟರ್, ಅಂದರೆ ಒತ್ತಡ 0.28 ಕೆಜಿ. ಕೆಳಗಿನ ಅಡುಗೆಮನೆಯ ಸಿಂಕಿನ ನಲ್ಲಿಗೆ, ನೆಲದಿಂದ 1.1 ಮೀಟರ್ ಎತ್ತರದಲ್ಲಿದ್ದರೆ, 7 ಮೀಟರ್, 0.7 ಕೆಜಿ. ಒಂದೇ ಟ್ಯಾಂಕು, ಎರಡೂವರೆ ಪಟ್ಟು ವ್ಯತ್ಯಾಸ. ಕಾರಿನ ಟೈರಿನಲ್ಲಿ ಸಾಮಾನ್ಯವಾಗಿ ತುಂಬಿಸುವ 32 ಪಿಎಸ್‌ಐ ಒತ್ತಡ ಬೇಕೆಂದರೆ ಟ್ಯಾಂಕನ್ನು ಸುಮಾರು 22 ಮೀಟರ್ ಮೇಲೆ ಇಡಬೇಕಾಗುತ್ತದೆ. ನಮ್ಮ ಮನೆಯ ನೀರಿನ ಒತ್ತಡ ಎಷ್ಟು ಅಲ್ಪ ಎಂಬುದಕ್ಕೆ ಈ ಹೋಲಿಕೆ ಸಾಕು.

ಇದೇ ಲೆಕ್ಕ ದೊಡ್ಡದಾದರೆ ಏನಾಗುತ್ತದೆ ಎನ್ನುವುದಕ್ಕೆ ಬೆಂಗಳೂರಿನ ಕಾವೇರಿ ನೀರನ್ನು ನೋಡಿ. ಪಂಪಿಂಗ್ ಶುರುವಾಗುವ ತೊರೆಕಾಡನಹಳ್ಳಿಯಿಂದ ನಗರಕ್ಕೆ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಏರು. ಒಂದೇ ಏಟಿಗೆ ತಳ್ಳಬೇಕೆಂದರೆ ಏರಿಗೇ 50 ಕೆಜಿ ಒತ್ತಡ ಬೇಕು, ಪೈಪಿನ ತಿಕ್ಕಾಟಕ್ಕೆ ಇನ್ನಷ್ಟು. ಹಾಗಾಗಿ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತದಲ್ಲಿ ಪಂಪ್ ಮಾಡುತ್ತಾರೆ.

ನಿಮ್ಮ ಮನೆಯ ಲೆಕ್ಕ ಹಾಕಿ ಗೋಡೆಯ ಮೇಲೋ ಫೋನಿನಲ್ಲೋ ಬರೆದಿಟ್ಟುಕೊಳ್ಳಿ. ಟ್ಯಾಂಕ್ ಸ್ಟ್ಯಾಂಡೇ ಇಲ್ಲದೆ ತಾರಸಿಯ ಮೇಲೆ ಕೂತಿದ್ದರೆ ಮೇಲಿನ ಶವರ್‌ಗೆ 2 ಮೀಟರಿಗಿಂತ ಕಡಿಮೆಯೇ ಸಿಗುತ್ತದೆ. ಅದಕ್ಕೆ ಹೋಟೆಲಿನಲ್ಲಿ ನೋಡಿದಂಥ ಅಗಲದ ರೇನ್ ಶವರ್ ಹಾಕಿಸಿ "ಪ್ರೆಶರ್ ಇಲ್ಲ" ಎಂದರೆ ಅದು ದೋಷವಲ್ಲ, ಆಯ್ಕೆಯ ತಪ್ಪು.

ಮುಟ್ಟುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಒಂದೇ ನಲ್ಲಿಯಲ್ಲೋ, ಒಂದು ಬಚ್ಚಲುಮನೆಯಲ್ಲೋ, ಇಡೀ ಮನೆಯಲ್ಲೋ? ತಣ್ಣೀರು ಚೆನ್ನಾಗಿದ್ದು ಬಿಸಿನೀರು ಮಾತ್ರ ಸಣ್ಣಗಿದೆಯೇ? ದಿನೇದಿನೇ ಕಮ್ಮಿಯಾಯಿತೋ, ಟ್ಯಾಂಕ್ ತೊಳೆಸಿದ ಮಾರನೆ ದಿನ ಶುರುವಾಯಿತೋ? ನಲ್ಲಿ ತೆರೆದ ಮೊದಲ ಎರಡು ಸೆಕೆಂಡು ಜೋರಾಗಿ ಬಂದು ಆಮೇಲೆ ಸೊರಗುತ್ತದೆಯೋ, ಮೊದಲಿಂದಲೂ ಹಾಗೆಯೋ?

ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ಅದೇ ಹೆಚ್ಚು ಹೇಳುತ್ತದೆ. ಮೊದಲು ಚಿಮ್ಮಿ ಆಮೇಲೆ ಸೊರಗಿದರೆ ನಿಂತ ನೀರಿನಲ್ಲಿ ಒತ್ತಡ ಇದೆ, ಹರಿಯತೊಡಗಿದಾಗ ಅದು ಹಿಂದೆ ದಾರಿಯಲ್ಲೆಲ್ಲೋ ಕಳೆದುಹೋಗುತ್ತಿದೆ ಎಂದರ್ಥ. ದಾರಿ ಕಟ್ಟಿಕೊಂಡಿದೆ.

ಟ್ಯಾಂಕ್ ತೊಳೆದ ಮೇಲೆ ಶುರುವಾದರೆ ಹೆಚ್ಚಾಗಿ ಎರಡು ಸಾಧ್ಯತೆ: ತಳದ ಕೆಸರು ಪೈಪಿಗೆ ಇಳಿದು ಜಾಲರಿಗಳಲ್ಲಿ ಕೂತಿದೆ, ಅಥವಾ ಟ್ಯಾಂಕ್ ಖಾಲಿಯಾದಾಗ ಪೈಪಿಗೆ ಗಾಳಿ ಹೊಕ್ಕಿದೆ. ನಿಧಾನವಾಗಿ ಕಮ್ಮಿಯಾದರೆ, ಅದರಲ್ಲೂ ಬೋರ್‌ವೆಲ್ ನೀರಾದರೆ, ಸುಣ್ಣ ಕಟ್ಟಿಕೊಂಡಿರುವ ಅನುಮಾನ ಮೊದಲು.

ಜೊತೆಗೆ ಹರಿವನ್ನೂ ಅಳೆದುಕೊಳ್ಳಿ. 10 ಲೀಟರಿನ ಬಕೆಟ್ಟು, ಫೋನಿನ ಸ್ಟಾಪ್‌ವಾಚು. ಮೇಲಿನ ಮಹಡಿಯ ಬಕೆಟ್ ನಲ್ಲಿ ಪೂರ್ತಿ ತೆರೆದಾಗ ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಿದರೆ ನನ್ನ ಮಟ್ಟಿಗೆ ಅದು ಆರೋಗ್ಯವಾಗಿರುವ ಲೈನು. ಮೂರು ನಿಮಿಷ ಹಿಡಿದರೆ ಮುಂದೆ ಓದಿ.

ಮಟ್ಟದ ಪೈಪಿನ ಪರೀಕ್ಷೆ

ಒತ್ತಡ ಅಳೆಯಲು ಗೇಜ್ ತರುತ್ತೇನೆ ಎನ್ನುವವರಿಗೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 7 ಅಥವಾ 10 ಕೆಜಿವರೆಗೆ ತೋರಿಸುವ ಗೇಜ್. 0.28 ಕೆಜಿಗೆ ಅದರ ಮುಳ್ಳು ಸೊನ್ನೆಯಿಂದ ಕದಲಿತೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. ಇದಕ್ಕಿಂತ ಸಾವಿರ ಪಾಲು ಮೇಲು ಗಾರೆ ಮೇಸ್ತ್ರಿಗಳ ಬಳಿ ಇರುವ ಪಾರದರ್ಶಕ ಮಟ್ಟದ ಪೈಪು. ಪಾಯ ಹಾಕುವಾಗ ಮನೆಯ ನಾಲ್ಕು ಮೂಲೆಗೂ ಮಟ್ಟ ಒಯ್ಯುತ್ತಾರಲ್ಲ, ಅದೇ. ಹತ್ತು ಮೀಟರ್ ಉದ್ದದ್ದು ಸಾಕು.

ದೂರು ಇರುವ ಬಚ್ಚಲುಮನೆಯ ವಾಶ್‌ಬೇಸಿನ್ ಅಡಿಯ ಆ್ಯಂಗಲ್ ಕಾಕ್ (ಗೋಡೆಯಿಂದ ಹೊರಬರುವ ಪುಟ್ಟ ವಾಲ್ವ್) ಮುಚ್ಚಿ, ಅದರಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪು ಬಿಚ್ಚಿ. ಮಟ್ಟದ ಪೈಪಿನ ಒಂದು ತುದಿಯನ್ನು ಅಲ್ಲಿ ಬಿಗಿಯಾಗಿ ಕೂರಿಸಿ ಕ್ಲಿಪ್ ಹಾಕಿ. ಎರಡನ್ನೂ ಜೋಡಿಸುವ ನಿಪ್ಪಲ್ ಬೇಕಾದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಇನ್ನೊಂದು ತುದಿಯನ್ನು ಕಿಟಕಿಯಿಂದ ಹೊರಗೆ ಹಾಕಿ ತಾರಸಿಗೆ ಎಳೆದು ಟ್ಯಾಂಕಿನ ಪಕ್ಕಕ್ಕೆ ಕಟ್ಟಿ. ಪ್ಯಾರಪೆಟ್ ಮೇಲೆ ಬಗ್ಗಿ ಎಳೆಯಬೇಡಿ. ಹಗ್ಗ ಇಳಿಬಿಟ್ಟು ಕಟ್ಟಿ ಎಳೆದುಕೊಳ್ಳಿ. ಈಗ ಆ್ಯಂಗಲ್ ಕಾಕ್ ನಿಧಾನವಾಗಿ ತೆರೆಯಿರಿ.

ನೀರು ಪೈಪಿನಲ್ಲಿ ಏರುತ್ತದೆ. ಏರುವಾಗ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ, ಬೆರಳಿನಿಂದ ತಟ್ಟಿ ಬಿಡಿಸಿ. ಒಂದು ಗೇಣು ಗುಳ್ಳೆ ಉಳಿದರೆ ಮಟ್ಟವೂ ಒಂದು ಗೇಣು ಸುಳ್ಳು ಹೇಳುತ್ತದೆ. ಮನೆಯ ನಲ್ಲಿಗಳೆಲ್ಲ ಮುಚ್ಚಿರುವಾಗ ನೀರು ಟ್ಯಾಂಕಿನೊಳಗಿನ ನೀರಿನ ಮಟ್ಟಕ್ಕೇ ಬಂದು ನಿಲ್ಲಬೇಕು. ಸ್ವಲ್ಪ ಹೊತ್ತು ಕೊಡಿ. ದಾರಿ ಎಷ್ಟೇ ಕಟ್ಟಿಕೊಂಡಿರಲಿ, ಸೂಜಿಯಷ್ಟು ರಂಧ್ರ ಉಳಿದಿದ್ದರೂ ಸಾಕು, ಕೊನೆಗೆ ಅದೇ ಮಟ್ಟಕ್ಕೆ ಬರುತ್ತದೆ. ನಿಂತ ನೀರಿಗೆ ತಿಕ್ಕಾಟವಿಲ್ಲ. ಎಲ್ಲ ಮುಚ್ಚಿ ಗೇಜ್ ನೋಡಿ "ಪ್ರೆಶರ್ ಸರಿಯಾಗೇ ಇದೆ" ಎಂದು ಹೊರಟುಹೋಗುವ ಪ್ಲಂಬರ್ ಹೇಳಿದ್ದು ನಿಜ, ಆದರೆ ಅದರಿಂದ ಏನೂ ತಿಳಿಯಲಿಲ್ಲ.

ಈಗ ಅದೇ ಬಚ್ಚಲುಮನೆಯ ಬಕೆಟ್ ನಲ್ಲಿಯನ್ನು ಪೂರ್ತಿ ತೆರೆಯಲು ಕೆಳಗಿರುವವರಿಗೆ ಹೇಳಿ, ತಾರಸಿಯಲ್ಲಿ ಮಟ್ಟ ನೋಡುತ್ತಿರಿ. ನೀರು ಇಳಿಯುತ್ತದೆ, ಒಂದು ಕಡೆ ನಿಲ್ಲುತ್ತದೆ. ಎಷ್ಟು ಇಳಿಯಿತೋ ಅಷ್ಟು ಒತ್ತಡವನ್ನು ಟ್ಯಾಂಕಿನಿಂದ ಬಚ್ಚಲುಮನೆವರೆಗಿನ ದಾರಿ ನುಂಗಿದೆ.

ಒಂದು ಮೊಳದಷ್ಟು ಇಳಿದು ನಿಂತರೆ ಲೈನು ಸರಿಯಾಗಿದೆ. ನಲ್ಲಿಯಲ್ಲಿ ಹರಿವೂ ಕಡಿಮೆ ಇದ್ದರೆ ತಪ್ಪು ನಲ್ಲಿಯಲ್ಲೇ ಇದೆ. ಇಳಿಯುತ್ತಾ ಇಳಿಯುತ್ತಾ ತಾರಸಿಯ ನೆಲಕ್ಕಿಂತ ಕೆಳಗೆ ಹೋಗಿ ಕಣ್ಮರೆಯಾದರೆ ತಪ್ಪು ಹಿಂದೆ, ಟ್ಯಾಂಕಿನ ಕಡೆ. ನಿಂತಾಗಲೇ ಟ್ಯಾಂಕಿನ ಮಟ್ಟಕ್ಕೆ ಏರದೆ ಅರ್ಧದಲ್ಲೇ ನಿಂತಿದ್ದರೆ ಲೈನಿನಲ್ಲಿ ಗಾಳಿ ಕೂತಿದೆ, ಇಲ್ಲವೇ ಎಲ್ಲೋ ನೀರು ಸದಾ ಹರಿದುಹೋಗುತ್ತಿದೆ. ಫ್ಲಶ್ ಟ್ಯಾಂಕ್ ಒಳಗೇ ಸೋರುವುದು ಸಾಮಾನ್ಯ.

ನಲ್ಲಿಯಲ್ಲೇ ದೋಷ

ಇದು ಸುಲಭ. ನಲ್ಲಿಯ ತುದಿಯ ಜಾಲರಿ ಬಿಚ್ಚಿ ನೋಡಿ. ಮರಳು, ಟೆಫ್ಲಾನ್ ಟೇಪಿನ ಚೂರು, ಬಿಳಿ ಸುಣ್ಣ ಕಾಣುತ್ತದೆ. ನಿಂಬೆ ಉಪ್ಪು ಕರಗಿಸಿದ ಬಿಸಿನೀರಿನಲ್ಲಿ ಒಂದೆರಡು ಗಂಟೆ ನೆನೆಹಾಕಿದರೆ ಸುಣ್ಣ ಬಿಡುತ್ತದೆ. ಶವರ್ ತಲೆಗೂ ಇದೇ ಮದ್ದು. ಬಚ್ಚಲು ತೊಳೆಯುವ ಆ್ಯಸಿಡ್ ಹಾಕಬೇಡಿ, ಕ್ರೋಮ್ ಮೆರುಗೂ ಒಳಗಿನ ಹಿತ್ತಾಳೆಯೂ ಹಾಳಾಗುತ್ತವೆ. ವಾಷಿಂಗ್ ಮಷೀನಿಗೆ ನೀರು ಹೋಗುವ ಪೈಪಿನ ಬುಡದಲ್ಲೂ ಒಂದು ಪುಟ್ಟ ಜಾಲರಿ ಇರುತ್ತದೆ. ಜಾಲರಿ ಸ್ವಚ್ಛವಿದ್ದೂ ಎರರ್ ಬಂದರೆ ಮಷೀನಿನ ಕೈಪಿಡಿಯಲ್ಲಿ ಕನಿಷ್ಠ ಒತ್ತಡ ಎಷ್ಟೆಂದು ನೋಡಿ. 0.5 ಬಾರ್ ಬೇಕು ಎಂದಿದ್ದರೆ (ಒಂದು ಬಾರ್ ಹೆಚ್ಚುಕಡಿಮೆ ಒಂದು ಕೆಜಿ) 5 ಮೀಟರ್ ಎತ್ತರ ಬೇಕು. ಮೇಲಿನ ಮಹಡಿಯಲ್ಲಿ ಅದು ಸಿಗುವುದಿಲ್ಲ.

ಜಾಲರಿ ತೆಗೆದರೂ ಸಣ್ಣಗೆ ಬಂದರೆ ಆ್ಯಂಗಲ್ ಕಾಕ್ ನೋಡಿ. ಯಾರೋ ಯಾವತ್ತೋ ಅರ್ಧ ಮುಚ್ಚಿ ಮರೆತಿರುತ್ತಾರೆ.

ಗ್ಯಾಸ್ ಗೀಸರ್ ಹತ್ತದಿರುವುದೂ ಒತ್ತಡದ್ದೇ ಕತೆ. ಅದರೊಳಗೆ ಒಂದು ರಬ್ಬರ್ ಪೊರೆ ಇದೆ. ನೀರು ಹರಿಯುವಾಗ ಪೊರೆಯ ಎರಡು ಬದಿಯ ಒತ್ತಡದಲ್ಲಿ ವ್ಯತ್ಯಾಸ ಬಂದು ಅದು ಉಬ್ಬುತ್ತದೆ, ಉಬ್ಬಿದ ಪೊರೆ ಸ್ವಿಚ್ ಒತ್ತಿ ಗ್ಯಾಸ್ ತೆರೆಯುತ್ತದೆ. ಪೊರೆ ಅಗಲವಾಗಿರುವುದರಿಂದ ಅಲ್ಪ ಒತ್ತಡಕ್ಕೂ ಸ್ವಿಚ್ ಒತ್ತುವಷ್ಟು ಬಲ ಬರುತ್ತದೆ. ಹರಿವು ತೀರಾ ಕಡಿಮೆಯಾದರೆ ಉಬ್ಬುವುದಿಲ್ಲ, ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ.

ಇಡೀ ಮನೆಯಲ್ಲಿ ಕಡಿಮೆ: ಟ್ಯಾಂಕಿನ ಬಾಯಿಂದ ಶುರುಮಾಡಿ

ಮಟ್ಟ ಕಣ್ಮರೆಯಾದ ಮನೆಗಳಲ್ಲಿ ನಾನು ಮೊದಲು ಕೈಯಿಡುವುದು ಟ್ಯಾಂಕಿನ ಹೊರದಾರಿಯ ಗೇಟ್ ವಾಲ್ವ್ ಮೇಲೆ. ಹಿತ್ತಾಳೆಯದೋ ಗನ್‌ಮೆಟಲ್‌ನದೋ, ಮೇಲೊಂದು ಕೆಂಪು ಚಕ್ರ. ವರ್ಷಗಟ್ಟಲೆ ಬಿಸಿಲು ಮಳೆಯಲ್ಲಿ ಕೂತು, ಸುಣ್ಣ ಕಟ್ಟಿ, ಒಂದು ದಿನ ಯಾರೋ ಬಲ ಹಾಕಿ ತಿರುಗಿಸಿದಾಗ ನೀರಿಗೆ ಅಡ್ಡ ನಿಲ್ಲುವ ಒಳಗಿನ ಗೇಟು, ಚಕ್ರಕ್ಕೆ ಜೋಡಿಸಿದ ಸರಳಿನಿಂದ (ಸ್ಪಿಂಡಲ್) ಕಳಚಿಕೊಳ್ಳುತ್ತದೆ. ಆಮೇಲೆ ಚಕ್ರ ಹಾಯಾಗಿ ತಿರುಗುತ್ತದೆ, ಸ್ಪಿಂಡಲ್ ಏರಿಳಿಯುತ್ತದೆ, ಗೇಟು ಮಾತ್ರ ಕೆಳಗೇ ಬಿದ್ದಿರುತ್ತದೆ. ಹೊರಗಿನಿಂದ ನೋಡಿದರೆ ವಾಲ್ವ್ ಪೂರ್ತಿ ತೆರೆದಿದೆ. ಮುಚ್ಚುವಾಗಲೂ ತೆರೆಯುವಾಗಲೂ ಕೊನೆಯಲ್ಲಿ ಕೈಗೆ ತಟ್ಟಬೇಕಾದ ಬಿಗಿ ತಟ್ಟದಿದ್ದರೆ ಅನುಮಾನ ಪಡಿ. ಬದಲಿಸುವಾಗ ಫುಲ್ ಬೋರ್ (ಒಳದಾರಿ ಪೈಪಿನಷ್ಟೇ ಅಗಲವಿರುವ) ಬಾಲ್ ವಾಲ್ವ್ ಹಾಕಿಸಿ. ಹಿಡಿ ಪೈಪಿನ ನೇರಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಸುಳ್ಳು ಹೇಳಲು ಅದಕ್ಕೆ ಅವಕಾಶ ಕಡಿಮೆ. ಗೇಟ್ ವಾಲ್ವ್ ಅಗ್ಗ ಎಂದು ಮತ್ತೆ ಅದನ್ನೇ ಹಾಕಿಸುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ.

ವಾಲ್ವ್ ಸರಿಯಿದ್ದರೆ ಟ್ಯಾಂಕಿನೊಳಗೆ ಹೊರದಾರಿಯ ಬಾಯಿ ನೋಡಿ. ಅಲ್ಲಿ ಕೆಸರು, ಪಾಚಿ, ಮುರಿದ ಫ್ಲೋಟ್ ಬಾಲಿನ ಚೂರು, ಒಮ್ಮೊಮ್ಮೆ ಪ್ಲಾಸ್ಟಿಕ್ ಕವರು.

ಅದೂ ಸರಿಯಿದ್ದರೆ ಪೈಪಿನ ಅಳತೆ. ಇಲ್ಲಿ ಭೌತಶಾಸ್ತ್ರ ನಿಜಕ್ಕೂ ನಿರ್ದಯಿ. ಒಂದೇ ಪ್ರಮಾಣದ ನೀರು ಹರಿಯುವಾಗ ಪೈಪಿನ ಒಳವ್ಯಾಸ ಅರ್ಧವಾದರೆ ತಿಕ್ಕಾಟದಲ್ಲಿ ಕಳೆದುಹೋಗುವ ಒತ್ತಡ ಸುಮಾರು 32 ಪಟ್ಟಾಗುತ್ತದೆ. ಸುಣ್ಣ ಕಟ್ಟಿ 15 ಮಿಲಿಮೀಟರ್ ದಾರಿ 12ಕ್ಕೆ ಇಳಿದರೆ ಮೂರು ಪಟ್ಟು. ಹರಿವು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಒಂದು ನಲ್ಲಿ ತೆರೆದಾಗ ಮಟ್ಟದ ಪೈಪು ಅರ್ಧ ಮೀಟರ್ ಇಳಿದಿದ್ದರೆ, ಅದೇ ದಾರಿಯಲ್ಲಿ ಎರಡು ನಲ್ಲಿಯ ನೀರು ಹರಿದಾಗ ಎರಡು ಮೀಟರ್ ಇಳಿಯುತ್ತದೆ. ಶವರ್‌ಗೆ ಇದ್ದದ್ದೇ 2.85 ಮೀಟರ್.

ಕೆಳಗಿನ ಮನೆಯವರು ನಲ್ಲಿ ತೆರೆದರೆ ಮೇಲಿನ ಮನೆಯ ಶವರ್ ನಿಲ್ಲುವುದು ಇದೇ ಕಾರಣಕ್ಕೆ. ಮನೆ ಮಾಲೀಕರಿಗೂ ಬಾಡಿಗೆಯವರಿಗೂ ಬೆಳಗ್ಗೆ ಎಂಟಕ್ಕೆ ನಡೆಯುವ ಜಗಳದಲ್ಲಿ ಅರ್ಧ ಇದರದ್ದು. ತಪ್ಪು ಇಬ್ಬರದ್ದೂ ಅಲ್ಲ. ಮುಕ್ಕಾಲು ಇಂಚಿನ ಒಂದೇ ಪೈಪನ್ನು ಎರಡು ಮನೆಗೂ ಇಳಿಸಿದವನದ್ದು. ಕೆಳಗಿನ ಹರಿವು ಜೋರಾದಾಗ ಮೇಲಿನ ಕವಲಿನಲ್ಲಿ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತಲೂ ಕೆಳಗಿಳಿಯಬಹುದು. ಆಗ ಮೇಲಿನ ನಲ್ಲಿ ತೆರೆದರೆ ನೀರು ಬರುವ ಬದಲು ಸುಯ್ ಎಂದು ಗಾಳಿ ಒಳಹೋಗುತ್ತದೆ. ಅಂಗೈ ಇಟ್ಟು ನೋಡಿ, ಎಳೆಯುವುದು ತಿಳಿಯುತ್ತದೆ. ಇದನ್ನು ತಮಾಷೆ ಎಂದು ಬಿಡಬೇಡಿ. ಹ್ಯಾಂಡ್ ಶವರ್ ಬಳಸಿದ ನೀರಿನ ಬಕೆಟ್ಟಿನಲ್ಲಿ ಮುಳುಗಿದ್ದರೆ, ಅದರ ನಲ್ಲಿ ತೆರೆದಿದ್ದರೆ, ಆ ಕೊಳೆ ನೀರೂ ಪೈಪಿಗೆ ಹಿಂದಿರುಗುತ್ತದೆ. ಕೆಳಗಿನ ಮನೆಯ ಅಡುಗೆ ನಲ್ಲಿಗೆ ಹೋಗುವುದು ಅದೇ ನೀರು. ಪರಿಹಾರ: ಟ್ಯಾಂಕಿನಿಂದಲೇ ಪ್ರತಿ ಮನೆಗೂ ಪ್ರತ್ಯೇಕ ಪೈಪು ಇಳಿಸುವುದು, ಅದಾಗದಿದ್ದರೆ ಇಳಿಯುವ ಮುಖ್ಯ ಪೈಪನ್ನು ಒಂದೂಕಾಲು ಇಂಚಿಗೆ ಏರಿಸುವುದು.

ಗಾಳಿ ಕೂತಿದ್ದರೆ

ಪೈಪು ಟ್ಯಾಂಕಿನಿಂದ ಹೊರಟು, ಬಾಗಿಲ ಚೌಕಟ್ಟಿನ ಮೇಲೋ ಪ್ಯಾರಪೆಟ್ ಮೇಲೋ ಏರಿ, ಮತ್ತೆ ಇಳಿಯುವಂತೆ ಹಾಕಿದ್ದರೆ ಆ ಗೂನಿನ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗೂನಿನ ಇಳಿಭಾಗದಲ್ಲಿ 60 ಸೆಂಟಿಮೀಟರ್ ಗಾಳಿ ತುಂಬಿದ್ದರೆ ಅಷ್ಟು ಎತ್ತರದ ನೀರಿನ ಭಾರ ಇಲ್ಲವಾದಂತೆ, ಅಂದರೆ ನಿಮ್ಮ ಒತ್ತಡದಿಂದ 60 ಸೆಂಟಿಮೀಟರ್ ಕಡಿತ. ಅಂಥ ನಾಲ್ಕು ಗೂನು ಸಾಲಾಗಿದ್ದರೆ 2.4 ಮೀಟರ್ ಹೋಯಿತು. ಮೇಲಿನ ಮಹಡಿಯಲ್ಲಿ ನೀರು ಪೂರ್ತಿ ನಿಲ್ಲುತ್ತದೆ, ಕೆಳಗಿನ ಮಹಡಿಯಲ್ಲಿ ಹೇಗೋ ಬರುತ್ತಿರುತ್ತದೆ.

ಗಾಳಿ ಬಿಡಿಸಲು ಆ ಲೈನಿನ ಅತ್ಯಂತ ಕೆಳಗಿನ ನಲ್ಲಿಯನ್ನು ಪೂರ್ತಿ ತೆರೆದಿಡಿ. ಹರಿವಿನ ರಭಸಕ್ಕೆ ಗುಳ್ಳೆ ಕೊಚ್ಚಿಕೊಂಡು ಬರುತ್ತದೆ. ಆಗದಿದ್ದರೆ ಮೋಟರಿನಿಂದ ಟ್ಯಾಂಕಿಗೆ ಏರುವ ಪೈಪಿಗೆ ಹೋಸ್ ಸಿಕ್ಕಿಸಿ ನಲ್ಲಿಯ ಕಡೆಯಿಂದ ಹಿಮ್ಮುಖವಾಗಿ ನೀರು ತಳ್ಳುತ್ತಾರೆ, ನಿಧಾನವಾಗಿ ಮಾಡಿದರೆ ಅದು ಒಳ್ಳೆಯ ಉಪಾಯ.

ಕಂಪ್ರೆಸರ್ ತಂದು ಗಾಳಿ ಊದುವುದನ್ನು ಮಾತ್ರ ಒಪ್ಪಬೇಡಿ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಹಾಗಾಗಿ ನೀರು ತುಂಬಿದ ಪೈಪು ಸೀಳಿದರೆ ಒಂದು ಚಿಮ್ಮು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ಗಾಳಿ ಕುಗ್ಗಿ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ಪಿವಿಸಿ, ಸಿಪಿವಿಸಿ ಪೈಪು ಸೀಳಿದರೆ ಚೂರುಗಳು ಸಿಡಿಯುತ್ತವೆ.

ಶಾಶ್ವತ ಪರಿಹಾರವೆಂದರೆ ವೆಂಟ್. ಟ್ಯಾಂಕಿನ ವಾಲ್ವ್ ದಾಟಿದ ಕೂಡಲೆ, ಮತ್ತು ಗೂನಿದ್ದರೆ ಅದರ ನೆತ್ತಿಯಲ್ಲಿ, ಒಂದು ಟೀ ಹಾಕಿ ನೆಟ್ಟಗೆ ಪೈಪು ನಿಲ್ಲಿಸಿ ತುದಿ ತೆರೆದಿಡುವುದು. ಅದರ ತುದಿ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಟ್ಯಾಂಕ್ ತುಂಬಿದಾಗ ಅಲ್ಲಿಂದಲೇ ನೀರು ಹೊರಚೆಲ್ಲುತ್ತದೆ. ತುದಿಗೆ ಬೆಂಡ್ ಹಾಕಿ ಬಾಯಿ ಕೆಳಮುಖ ಮಾಡಿ, ಜಾಲರಿ ಕಟ್ಟಿ.

ಬಿಸಿನೀರು ಮಾತ್ರ ಸಣ್ಣಗೆ

ತಾರಸಿಯ ಮಾಮೂಲಿ ಸೋಲಾರ್ ಟ್ಯಾಂಕಿಗೆ ನೀರು ಬರುವುದು ತಣ್ಣೀರಿನ ಟ್ಯಾಂಕಿನಿಂದಲೇ. ಎರಡೂ ಕೂಡಿಕೊಂಡಿರುವುದರಿಂದ ಬಿಸಿ ನಲ್ಲಿಗೂ ತಣ್ಣೀರಿನ ನಲ್ಲಿಗೂ ನಿಂತ ಒತ್ತಡ ಹೆಚ್ಚುಕಡಿಮೆ ಒಂದೇ. ತಣ್ಣೀರು ಚೆನ್ನಾಗಿ ಬಂದು ಬಿಸಿನೀರು ಸೊರಗಿದರೆ ಅದು ದಾರಿಯ ದೋಷವೇ, ಬೇರೆ ಯೋಚನೆ ಬೇಡ. ಬಿಸಿಯಾದ ಗಡಸು ನೀರು ಸುಣ್ಣವನ್ನು ಬೇಗ ಬಿಡುತ್ತದೆ, ಹಾಗಾಗಿ ಬಿಸಿ ಲೈನು ಮೊದಲು ಕಟ್ಟಿಕೊಳ್ಳುತ್ತದೆ. ಸೋಲಾರ್‌ಗೆ ತಣ್ಣೀರು ಹೋಗುವಲ್ಲಿ ನಾನ್ ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಇದ್ದರೆ ಅದೂ ಸುಣ್ಣಕ್ಕೆ ಅಂಟಿಕೊಳ್ಳುತ್ತದೆ. ಸೋಲಾರ್‌ನ ವೆಂಟ್ ಪೈಪು ಮುಚ್ಚಿಲ್ಲವೆಂದೂ ನೋಡಿಕೊಳ್ಳಿ. ಕೆಲಸ ಬೆಳಗ್ಗೆ ಬೇಗ ಮಾಡಿ. ಮಧ್ಯಾಹ್ನದ ಸೋಲಾರ್ ನೀರು ಕೈ ಬೇಯಿಸುತ್ತದೆ.

ತಣ್ಣೀರಿನ ಲೈನಿಗೆ ಮಾತ್ರ ಬೂಸ್ಟರ್ ಪಂಪ್ ಹಾಕಿಸಿದ ಮನೆಯಲ್ಲಿ ಹೊಸದೊಂದು ಕಾಟ ಶುರುವಾಗುತ್ತದೆ. ಬಿಸಿ ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ ತೆರೆದಾಗ ತಣ್ಣೀರು 1 ಕೆಜಿ ಒತ್ತಡದಲ್ಲಿ ನುಗ್ಗಿ ಬಿಸಿನೀರಿನ ಪೈಪಿನೊಳಗೇ ಹಿಂದಕ್ಕೆ ಏರುತ್ತದೆ. ಬಿಸಿನೀರು ಬರುವುದೇ ಇಲ್ಲ, ತಾರಸಿಯಲ್ಲಿ ಸೋಲಾರ್‌ನ ವೆಂಟ್‌ನಿಂದ ನೀರು ಉಕ್ಕುತ್ತದೆ. ಸೋಲಾರ್ ಕೆಟ್ಟಿದೆ ಎಂದು ಸೋಲಾರ್ ಕಂಪನಿಯವರಿಗೆ ಫೋನ್ ಮಾಡುವ ಮುಂಚೆ ಬೂಸ್ಟರಿನ ಸ್ವಿಚ್ ಆರಿಸಿ ನೋಡಿ.

ಮೋಟರ್ ಓಡುತ್ತದೆ, ಟ್ಯಾಂಕ್ ತುಂಬುವುದಿಲ್ಲ

ಇದು ಒತ್ತಡದ ಇನ್ನೊಂದು ಮುಖ. ಪಂಪು ನೀರನ್ನು ಎಳೆಯುತ್ತದೆ ಎನ್ನುತ್ತೇವೆ; ನಿಜದಲ್ಲಿ ಅದು ತನ್ನ ಬಾಯಲ್ಲಿ ಒತ್ತಡ ಕಡಿಮೆ ಮಾಡುತ್ತದೆ ಅಷ್ಟೇ, ಸಂಪಿನ ನೀರಿನ ಮೇಲೆ ಕೂತ ಗಾಳಿಯ ಭಾರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಗಾಳಿ ತಳ್ಳುವುದಕ್ಕೂ ಮಿತಿಯಿದೆ. ಮಂಗಳೂರಿನ ಸಮುದ್ರಮಟ್ಟದಲ್ಲಿ ಲೆಕ್ಕದ ಪ್ರಕಾರ 10.3 ಮೀಟರ್. ಬೆಂಗಳೂರು 900 ಮೀಟರಿಗಿಂತ ಮೇಲಿದೆ, ಗಾಳಿಯ ಒತ್ತಡ ಹತ್ತನೇ ಒಂದರಷ್ಟು ಕಡಿಮೆ, ಇಲ್ಲಿ ಮಿತಿ 9.3 ಮೀಟರ್. ಪೈಪಿನ ನಷ್ಟ ಕಳೆದರೆ 6ರಿಂದ 7 ಮೀಟರ್ ಸಿಕ್ಕರೆ ಪುಣ್ಯ. ಎಷ್ಟು ಎಚ್‌ಪಿ ಮೋಟರ್ ತಂದರೂ ಈ ಮಿತಿ ದಾಟುವುದಿಲ್ಲ. ಹಳೆಯ ತೆರೆದ ಬಾವಿಗಳಲ್ಲಿ ನೀರು ಕೆಳಗೆ ಹೋದಂತೆ ಪಂಪನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸುತ್ತಿದ್ದುದು ಇದಕ್ಕೇ.

ಮನೆಯ ಸಂಪು ಎರಡು ಮೂರು ಮೀಟರ್ ಆಳವಷ್ಟೇ, ಹಾಗಾಗಿ ಇಲ್ಲಿ ಮಿತಿಯ ಪ್ರಶ್ನೆ ಬರುವುದಿಲ್ಲ. ಬರುವುದು ಗಾಳಿ ಸೋರಿಕೆ. ನೀರು ಹೊರಗೆ ತೊಟ್ಟಿಕ್ಕುವ ಸೋರಿಕೆ ಕಣ್ಣಿಗೆ ಬೀಳುತ್ತದೆ. ಎಳೆಯುವ ಪೈಪಿನ ಸೋರಿಕೆಯಲ್ಲಿ ಗಾಳಿ ಒಳಹೋಗುತ್ತದೆ, ಹೊರಗೆ ಒದ್ದೆಯೂ ಆಗುವುದಿಲ್ಲ. ಮೇನ್ ಆಫ್ ಮಾಡಿ, ಪಂಪಿಗೆ ನೀರು ತುಂಬಿಸುವ ಪ್ರೈಮಿಂಗ್ ಬಾಯಿಗೆ ನೀರು ತುಂಬಿ ಹತ್ತು ನಿಮಿಷ ಬಿಡಿ. ಮಟ್ಟ ಇಳಿದರೆ ಪೈಪಿನ ಬುಡದಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್ ವಾಲ್ವ್ ಹಿಡಿಯುತ್ತಿಲ್ಲ. ಅದರಲ್ಲಿ ಕಸ ಸಿಕ್ಕಿದೆ ಅಥವಾ ವಾಷರ್ ಹೋಗಿದೆ. ಮಟ್ಟ ಇಳಿಯದಿದ್ದರೂ ಪಂಪ್ ನೀರು ಹಿಡಿಯದಿದ್ದರೆ, ಓಡುವಾಗ ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ. ನೊರೆ ಒಳಕ್ಕೆ ಹೀರಿಕೊಂಡ ಜಾಗವೇ ದೋಷದ ಜಾಗ. ಮೋಟರಿನ ವೈರಿಂಗ್ ಕಡೆ ನೀರು ಹಾರದಂತೆ ನೋಡಿಕೊಳ್ಳಿ.

ಬೀದಿಯ ನೀರಿನ ಲೈನಿಗೆ ನೇರ ಮೋಟರ್ ಸಿಕ್ಕಿಸುವ ಚಾಳಿ ಇರುವವರಿಗೆ: ಅದು ನಿಷಿದ್ಧ, ಜೊತೆಗೆ ಅಪಾಯ. ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಇಳಿದ ಕ್ಷಣ ಬೀದಿಯಲ್ಲಿರುವ ಪ್ರತಿ ಬಿರುಕಿನಿಂದಲೂ ಮಣ್ಣುನೀರು, ಪಕ್ಕದಲ್ಲಿ ಚರಂಡಿ ಇದ್ದರೆ ಅದರ ನೀರು ಒಳಗೆ ಬರುತ್ತದೆ.

ಹಾಗಾದರೆ ಬೂಸ್ಟರ್ ಯಾವಾಗ?

ದಾರಿಯೆಲ್ಲ ಸ್ವಚ್ಛವಾಗಿ, ನಲ್ಲಿ ತೆರೆದಾಗಲೂ ಮಟ್ಟದ ಪೈಪು ಹೆಚ್ಚು ಇಳಿಯದೆ, ಆದರೂ ಶವರ್‌ಗೋ ಮಷೀನಿಗೋ ಬೇಕಾದ ಎತ್ತರವೇ ಮನೆಯಲ್ಲಿ ಇಲ್ಲದಿದ್ದರೆ. ಆಗ ಅದು ಸರಿಯಾದ ಮದ್ದು. ಬಿಸಿ ತಣ್ಣೀರು ಎರಡಕ್ಕೂ ಹಾಕಿಸಿ.

ಟ್ಯಾಂಕನ್ನೇ ಎತ್ತರಿಸೋಣ ಎನ್ನುವವರು ಈ ಲೆಕ್ಕ ನೋಡಿ. ಹರಿವು ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 3 ಮೀಟರ್ ಇದ್ದದ್ದನ್ನು 4 ಮಾಡಿದರೆ ನೀರು ಶೇಕಡ 15ರಷ್ಟು ಮಾತ್ರ ಹೆಚ್ಚುತ್ತದೆ. ಎರಡು ಪಟ್ಟು ಬೇಕೆಂದರೆ 12 ಮೀಟರ್ ಮಾಡಬೇಕು. ಹೊಸ ಸ್ಟ್ಯಾಂಡಿನ ಕಬ್ಬಿಣಕ್ಕೆ ಕೊಡುವ ದುಡ್ಡಿನಲ್ಲಿ ಪೈಪಿನ ಅಳತೆ ಹೆಚ್ಚಿಸಿದರೆ ಸಿಗುವ ಲಾಭ ಹೆಚ್ಚು. ವಾಷಿಂಗ್ ಮಷೀನಿನಂಥ, ಕನಿಷ್ಠ ಒತ್ತಡವೇ ಬೇಕೆನ್ನುವ ಉಪಕರಣಕ್ಕೆ ಮಾತ್ರ ಎತ್ತರಿಸುವುದು ಅರ್ಥಪೂರ್ಣ.

ಬೂಸ್ಟರ್ ಹಾಕಿದ ಮೇಲೆ ಗೋಡೆಯೊಳಗೆ ಢಬ್ ಎಂದು ಸದ್ದು ಬರತೊಡಗಿದರೆ ಅದು ವಾಟರ್ ಹ್ಯಾಮರ್. ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ನೀರು ತಟ್ಟನೆ ನಿಂತರೆ ಒತ್ತಡ ಒಂದು ಕ್ಷಣಕ್ಕೆ 10 ಕೆಜಿಗೂ ಮೇಲೆ ಜಿಗಿಯುತ್ತದೆ. ಪ್ಲಾಸ್ಟಿಕ್ ಪೈಪು ಸ್ವಲ್ಪ ಹಿಗ್ಗುವುದರಿಂದ ಅಷ್ಟಿಲ್ಲ. ಕಾಲು ತಿರುವಿಗೆ ಮುಚ್ಚುವ ನಲ್ಲಿಗಳನ್ನು, ಮಷೀನಿನ ವಾಲ್ವನ್ನು ಮೊದಲು ಅನುಮಾನಿಸಿ. ಪೈಪಿಗೆ ಕ್ಲ್ಯಾಂಪ್ ಸಾಲದಿದ್ದರೆ ಸದ್ದು ಇಮ್ಮಡಿ.

ಅಪಾರ್ಟ್‌ಮೆಂಟಿನವರಿಗೆ ತಲೆನೋವು ತಿರುವುಮುರುವು. 15 ಅಂತಸ್ತಿನ ಕೆಳಗೆ ಸುಮಾರು 45 ಮೀಟರ್ ನೀರು, 4.5 ಕೆಜಿ. ಅಲ್ಲಿ ಕೆಳ ಮಹಡಿಗಳ ಕನೆಕ್ಷನ್ ಪೈಪು ಒಡೆಯುವುದು, ಫ್ಲಶ್ ವಾಲ್ವ್ ನಿಲ್ಲದಿರುವುದು ಮಾಮೂಲು. ಕೆಳಗಿನ ಮನೆಗಳ ಲೈನಿನಲ್ಲಿ ಒತ್ತಡ ಇಳಿಸುವ ವಾಲ್ವ್ ಇರುತ್ತದೆ. ನಡುವಿನ ಒಂದು ಮಹಡಿಯಲ್ಲಿ ಮಾತ್ರ ನೀರು ಸಣ್ಣಗಾದರೆ ಆ ವಾಲ್ವಿನ ಮುಂದಿರುವ ಜಾಲರಿ ತೆಗೆದು ನೋಡಲು ನಿರ್ವಹಣೆಯವರಿಗೆ ಹೇಳಿ. ವಾಲ್ವಿನ ಸ್ಕ್ರೂ ತಿರುಗಿಸಿ ಒತ್ತಡ ಏರಿಸಲು ಮುಂದಾದರೆ ತಡೆಯಿರಿ, ಜಾಲರಿ ಮುಂದೊಂದು ದಿನ ತೊಳೆದಾಗ ಏರಿಸಿಟ್ಟ ಒತ್ತಡ ಪೂರ್ತಿ ಕೆಳಗಿನ ಮನೆಗಳಿಗೆ ಬಡಿಯುತ್ತದೆ.